ರಿಮೋಟ್ ಡೆಸ್ಕ್‌ಟಾಪ್: ನೆಟ್ 100 ಎಂಬಿಪಿಎಸ್ ಇದೆ, ಆದರೂ ಸ್ಕ್ರೀನ್ ನಿಂತೇ ಬಿಡುತ್ತದೆ

ಹಿನ್ನೀರು

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿಯಲ್ಲಿ ಕೂತು ಕೆಲಸ ಮಾಡುತ್ತೇನೆ. ಆಫೀಸು ಬೆಂಗಳೂರಿನ ರಾಜಾಜಿನಗರದಲ್ಲಿ. ಅಲ್ಲಿರುವ ನನ್ನ ಪಿಸಿಯಲ್ಲಿ ಟ್ಯಾಲಿ, ಎಕ್ಸೆಲ್ ಎಲ್ಲ ಇವೆ. ಆಫೀಸಿನವರು ಕೊಟ್ಟ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಸುರಕ್ಷಿತ ದಾರಿ) ಹಾಕಿಕೊಂಡು, ವಿಂಡೋಸ್ ಜೊತೆಗೇ ಬರುವ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಹೋಗುತ್ತೇನೆ.

ಲಾಗಿನ್ ಬೇಗ ಆಗುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿಯೇ ಇರುತ್ತದೆ. ಆಮೇಲೆ ವೋಚರ್ ಹಾಕುತ್ತಿರುವಾಗಲೇ ಸ್ಕ್ರೀನ್ ನಿಂತುಬಿಡುತ್ತದೆ. ಅರ್ಧ ನಿಮಿಷ ಏನೂ ಅಲ್ಲಾಡುವುದಿಲ್ಲ. ನಂತರ ಅಷ್ಟು ಹೊತ್ತು ಒತ್ತಿದ ಕೀಗಳೆಲ್ಲ ಒಟ್ಟಿಗೆ ಹೋಗಿ ಬೀಳುತ್ತವೆ. ಮೊನ್ನೆ ಹೀಗೇ ಎಂಟರ್ ಮೇಲೆ ಎಂಟರ್ ಬಿದ್ದು, ನರೇಶನ್ ಖಾಲಿ ಇರುವ ವೋಚರ್ ಸೇವ್ ಆಗಿ ಕೂತಿತ್ತು. ಕೆಲವು ಸಲ ಪೂರ್ತಿ ಕಡಿದು ಹೋಗಿ, ಮತ್ತೆ ಕನೆಕ್ಟ್ ಮಾಡುತ್ತಿದ್ದೇನೆ, 20ರಲ್ಲಿ 1ನೇ ಪ್ರಯತ್ನ ಎಂಬ ಪೆಟ್ಟಿಗೆ ಬರುತ್ತದೆ. ಸಂಜೆ ಇನ್ನೂ ಕಷ್ಟ. ಮೌಸ್ ಬಾಣ ಓಡಾಡುತ್ತದೆ, ಆದರೆ ಕ್ಲಿಕ್ ಮಾಡಿದ್ದು ನಿಧಾನಕ್ಕೆ ಆಗುತ್ತದೆ.

ಸ್ಪೀಡ್ ಟೆಸ್ಟ್ ಮಾಡಿದರೆ 90ರ ಮೇಲೆ ತೋರಿಸುತ್ತದೆ. ಇಂಟರ್ನೆಟ್‌ನವರು ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವರು ನಿಮ್ಮ ಊರಿನ ನೆಟ್ ಸರಿ ಇಲ್ಲ ಅನ್ನುತ್ತಾರೆ. 20ನೇ ತಾರೀಖು ಹತ್ತಿರ ಬರುತ್ತಿದೆ, ಜಿಎಸ್‌ಟಿಯ 3ಬಿ ರಿಟರ್ನ್ ಫೈಲ್ ಮಾಡಬೇಕು. ಯಾರಿಗಾದರೂ ದಾರಿ ಗೊತ್ತಿದೆಯಾ?

ಸುಮ್ನೆ ಓದೋನು

ಎನಿಡೆಸ್ಕ್ ಹಾಕಿಕೊಳ್ಳಿ. ಅಷ್ಟೇ. ನಾನು ಅದನ್ನೇ ಬಳಸುವುದು, ಏನೂ ತೊಂದರೆ ಇಲ್ಲ.

ಕೇಬಲ್ ಮೇಷ್ಟ್ರು

ಆ್ಯಪ್ ಬದಲಾಯಿಸುವುದು ಆಮೇಲೆ ಇದ್ದೇ ಇದೆ. ಮೊದಲು ಎಲ್ಲಿ ಕೆಟ್ಟಿದೆ ಅಂತ ನೋಡೋಣ. ರಿಮೋಟ್ ಡೆಸ್ಕ್‌ಟಾಪ್ ನಿಧಾನ ಅಂತ ಬರುವವರು ಬಹುತೇಕ ಮೊದಲು ತೋರಿಸುವುದೇ ಸ್ಪೀಡ್ ಟೆಸ್ಟ್. ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಟ್ಯಾಲಿ ಸ್ಕ್ರೀನ್ ಕಳಿಸುವುದಕ್ಕೆ ಒಂದೆರಡು ಎಂಬಿಪಿಎಸ್ ಧಾರಾಳ. ಬೇಕಾಗಿರುವುದು ನೀವು ಒತ್ತಿದ ಕೀ ಬೆಂಗಳೂರಿಗೆ ಹೋಗಿ ಉತ್ತರ ವಾಪಸ್ ಬರುವ ಸಮಯ. ಆ ಸಮಯ ಪ್ರತಿ ಸಲವೂ ಒಂದೇ ರೀತಿ ಇರಬೇಕು. ಒಮ್ಮೆ 20 ಮಿಲಿಸೆಕೆಂಡ್, ಒಮ್ಮೆ 300 ಆದರೆ ಕೈಗೆ ಗೊತ್ತಾಗಿಬಿಡುತ್ತದೆ.

ಇನ್ನೊಂದು ವಿಷಯ. ಮೌಸ್ ಬಾಣ ಓಡಾಡುತ್ತದೆ ಅಂದಿರಲ್ಲ, ಆ ಬಾಣವನ್ನು ಬರೆಯುವುದು ನಿಮ್ಮ ಲ್ಯಾಪ್‌ಟಾಪೇ. ಆದ್ದರಿಂದ ಅದು ಅಲ್ಲಾಡಿದ ಮಾತ್ರಕ್ಕೆ ಕನೆಕ್ಷನ್ ಸರಿ ಇದೆ ಅಂತಲ್ಲ.

ಹೀಗೆ ಮಾಡಿ. ಮೂರು ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆಯಿರಿ. ಮೂರರಲ್ಲೂ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ ಅಳೆಯುವ ಕಮಾಂಡ್), ಕೊನೆಯಲ್ಲಿ ಮೈನಸ್ ಟಿ ಹಾಕಿ, ನಿಲ್ಲದೆ ಓಡುತ್ತಿರಲಿ. ಮೊದಲನೆಯದು ನಿಮ್ಮ ಮನೆಯ ರೂಟರ್‌ಗೆ, ಸಾಮಾನ್ಯವಾಗಿ 192.168.1.1. ಎರಡನೆಯದು ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್ 8.8.8.8ಕ್ಕೆ. ಮೂರನೆಯದು ವಿಪಿಎನ್ ಒಳಗಿಂದ ಆಫೀಸಿನ ಪಿಸಿಗೆ. ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೆ ಇರಬಹುದು. ಆಗ ಆಫೀಸಿನ ವಿಪಿಎನ್ ಗೇಟ್‌ವೇಗೆ ಮಾಡಿ. ಕಿಟಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಮಾಮೂಲಿ ಕೆಲಸ ಮಾಡಿ. ಸ್ಕ್ರೀನ್ ನಿಂತ ಕ್ಷಣ ಯಾವ ಕಿಟಕಿಯಲ್ಲಿ ಏನಾಯಿತು ಅಂತ ಬರೆದಿಟ್ಟುಕೊಳ್ಳಿ.

ಮೊದಲನೆಯದೇ ಕೆಟ್ಟರೆ ತೊಂದರೆ ನಿಮ್ಮ ಮನೆಯೊಳಗೆ. ಎರಡನೆಯದು ಕೆಟ್ಟರೆ ನಿಮ್ಮ ಲೈನು. ಮೂರನೆಯದು ಮಾತ್ರ ಕೆಟ್ಟರೆ ವಿಪಿಎನ್ ಅಥವಾ ಆಫೀಸು.

ರಾಗಿಮುದ್ದೆ 5ಜಿ

ವಿಪಿಎನ್ ಯಾಕೆ ಬೇಕು? ಆಫೀಸಿನ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ಫಾರ್ವರ್ಡ್ ಮಾಡಿಸಿ (ಹೊರಗಿನಿಂದ ಬರುವುದನ್ನು ಪಿಸಿಗೆ ಬಿಡುವ ಬಾಗಿಲು), ನೇರವಾಗಿ ಹೋಗಿ. ನಾನು ಅಂಗಡಿಗೆ ಹಾಗೇ ಮಾಡಿದ್ದೇನೆ. ರಾಕೆಟ್.

ಪೋರ್ಟ್ ಕಾವಲು

ದಯವಿಟ್ಟು ಇವತ್ತೇ ಅದನ್ನು ಮುಚ್ಚಿ. ಇಂಟರ್ನೆಟ್‌ಗೆ ತೆರೆದ 3389 ಅನ್ನು ಹುಡುಕುತ್ತಾ ಹಗಲೂ ರಾತ್ರಿ ಬಾಟ್‌ಗಳು ಓಡಾಡುತ್ತವೆ. ನಿಮ್ಮ ಅಂಗಡಿಯ ಪಿಸಿಯಲ್ಲಿ ಈವೆಂಟ್ ವ್ಯೂವರ್ ತೆರೆದು, ಸೆಕ್ಯುರಿಟಿ ಲಾಗ್‌ನಲ್ಲಿ 4625 ಅಂತ ಹುಡುಕಿ. ವಿಫಲವಾದ ಪ್ರತಿ ಲಾಗಿನ್‌ಗೂ ಲಾಗ್‌ನಲ್ಲಿ ಬೀಳುವ ಗುರುತಿನ ನಂಬರ್ ಅದು. ಎಷ್ಟಿದೆ ಅಂತ ಇಲ್ಲಿ ಬಂದು ಹೇಳಿ.

2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಅನ್ನೋ ದೋಷ ಬಯಲಾಯಿತು. ಪಾಸ್‌ವರ್ಡ್ ಇಲ್ಲದೆಯೇ ಹಳೆಯ ವಿಂಡೋಸ್‌ಗಳ ಒಳಗೆ ನುಗ್ಗಲು ಅದು ದಾರಿ ಕೊಡುತ್ತಿತ್ತು. ಎಷ್ಟು ಗಂಭೀರ ಅಂದರೆ, ಬೆಂಬಲ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಬಿಡುಗಡೆ ಮಾಡಿತು. ಪೋರ್ಟ್ ನಂಬರ್ ಬದಲಾಯಿಸಿದರೆ ಸಾಕು ಅನ್ನುವವರಿಗೂ ಇದೇ ಮಾತು. ಬಾಟ್‌ಗಳು ಎಲ್ಲ ಪೋರ್ಟ್‌ಗಳನ್ನೂ ತಟ್ಟಿ ನೋಡುತ್ತವೆ.

ರಾಗಿಮುದ್ದೆ 5ಜಿ

ನೋಡಿದೆ. ಲಾಗ್‌ನಲ್ಲಿ ಪುಟಗಟ್ಟಲೆ ಇದೆ. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್, ಹೀಗೆ ಏನೇನೋ ಹೆಸರುಗಳು. ಮುಚ್ಚಿದ್ದೇನೆ. ಈಗ ಅಂಗಡಿಗೆ ಹೋಗುವುದು ಹೇಗೆ?

ಪೋರ್ಟ್ ಕಾವಲು

ಟೇಲ್‌ಸ್ಕೇಲ್ ಥರದ ವಿಪಿಎನ್ ಆ್ಯಪ್ ಹಾಕಿಕೊಳ್ಳಿ. ಎರಡೂ ಕಡೆ ಇನ್‌ಸ್ಟಾಲ್, ಒಂದೇ ಅಕೌಂಟ್, ಮುಗಿಯಿತು. ಪೋರ್ಟ್ ತೆರೆಯುವ ಕೆಲಸವೇ ಇಲ್ಲ. ಮನೆಗೆ ಬರುವ ಎಷ್ಟೋ ಲೈನ್‌ಗಳಲ್ಲಿ ಪೋರ್ಟ್ ಫಾರ್ವರ್ಡ್ ಆಗುವುದೂ ಇಲ್ಲ, ಯಾಕೆಂದರೆ ಸ್ವಂತ ಪಬ್ಲಿಕ್ ಐಪಿಯೇ ಇರುವುದಿಲ್ಲ. ರೂಟರ್‌ನ ವ್ಯಾನ್ ಐಪಿ (ಹೊರಗಿನ ಲೈನಿನ ಕಡೆಯ ವಿಳಾಸ) 100.64ರಿಂದ 100.127ರ ಒಳಗೆ ಇದ್ದರೆ ನಿಮ್ಮ ಕಂಪನಿ ನೂರಾರು ಮನೆಗಳನ್ನು ಒಂದೇ ಐಪಿ ಹಿಂದೆ ಕೂರಿಸಿದೆ ಅಂತ ಅರ್ಥ. ಟೇಲ್‌ಸ್ಕೇಲ್ ಕೊಡುವ ವಿಳಾಸವೂ ಇದೇ ಸಾಲಿನದು, ಗೊಂದಲ ಮಾಡಿಕೊಳ್ಳಬೇಡಿ.

ಹಾಕಿದ ಮೇಲೆ ಟೇಲ್‌ಸ್ಕೇಲ್ ಸ್ಟೇಟಸ್ ಕಮಾಂಡ್ ಕೊಟ್ಟು ನೋಡಿ. ಡೈರೆಕ್ಟ್ ಅಂತ ಬಂದರೆ ಎರಡು ಯಂತ್ರಗಳೂ ನೇರವಾಗಿ ಮಾತಾಡುತ್ತಿವೆ. ರಿಲೇ ಅಂತ ಬಂದರೆ ಮಧ್ಯದ ಸರ್ವರ್ ಮೂಲಕ ಸುತ್ತಿ ಬರುತ್ತಿದೆ, ನಿಧಾನವಾಗುತ್ತದೆ. ಎನಿಡೆಸ್ಕ್‌ಗೂ ಇದೇ ಕಥೆ. ಒಂದು ದಿನ ರಾಕೆಟ್, ಇನ್ನೊಂದು ದಿನ ಎತ್ತಿನ ಗಾಡಿ ಅಂತ ದೂರುವವರು ಆ ದಿನ ರಿಲೇಯಲ್ಲಿ ಇದ್ದರಾ ಅಂತ ಮೊದಲು ನೋಡಬೇಕು.

ಹಿನ್ನೀರು

ಮೇಷ್ಟ್ರೇ, ಮೂರು ಕಿಟಕಿ ಇಟ್ಟುಕೊಂಡು ಕೆಲಸ ಮಾಡಿದೆ. ಕಂಡದ್ದು ಇಷ್ಟು.

ಮನೆಯ ರೂಟರ್‌ಗೆ ಪಿಂಗ್ ಸಾಮಾನ್ಯವಾಗಿ 3 ಮಿಲಿಸೆಕೆಂಡ್. ಆದರೆ ಆಗಾಗ 150, 200 ಅಂತ ಹಾರುತ್ತದೆ. ರಿಕ್ವೆಸ್ಟ್ ಟೈಮ್ಡ್ ಔಟ್ ಕೂಡ ಬಂತು. ರೂಟರ್ ಜಗುಲಿಯಲ್ಲಿದೆ, ನಾನು ಉಪ್ಪರಿಗೆಯಲ್ಲಿ ಕೂರುತ್ತೇನೆ. ಹಳೆಯ ಮನೆ, ಜಂಬಿಟ್ಟಿಗೆ ಗೋಡೆ.

ವಿಚಿತ್ರ ಏನೆಂದರೆ, ಅರ್ಧ ನಿಮಿಷ ಸ್ಕ್ರೀನ್ ನಿಂತಾಗ ಮೂರು ಕಿಟಕಿಯಲ್ಲೂ ಪಿಂಗ್ ಚೆನ್ನಾಗಿ ಹೋಗುತ್ತಿತ್ತು. ಆಫೀಸಿನ ಪಿಸಿಗೆ 24, 25, 24. ಸ್ಕ್ರೀನ್ ಮಾತ್ರ ಸತ್ತಿತ್ತು.

ಸಂಜೆ ಇನ್ನೊಂದು ಥರ. ಮೊದಲ ಎರಡು ಕಿಟಕಿ ಸರಿ ಇದ್ದವು. ಆಫೀಸಿನದು ಮಾತ್ರ 300, 400ಕ್ಕೆ ಏರಿ ಅಲ್ಲೇ ಕೂತಿತ್ತು.

ಕೇಬಲ್ ಮೇಷ್ಟ್ರು

ಇಷ್ಟು ಚೆನ್ನಾಗಿ ಬರೆದುಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ನಿಮ್ಮದು ಒಂದು ಕಾಯಿಲೆ ಅಲ್ಲ, ಮೂರು. ಒಂದೊಂದಾಗಿ ತೆಗೆಯೋಣ. ಒಂದನ್ನು ಸರಿ ಮಾಡಿ, ಮತ್ತೆ ಅಳೆದು, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು ವೈಫೈ. ಜಂಬಿಟ್ಟಿಗೆ ಗೋಡೆ ಎರಡು ಅಡ್ಡ ಬಂದರೆ 5 ಗಿಗಾಹರ್ಟ್ಸ್ ಸಿಗ್ನಲ್ ಮೇಲೆ ತಲುಪುವುದು ಕಷ್ಟ. 2.4 ತಲುಪುತ್ತದೆ, ಆದರೆ ತಡವರಿಸುತ್ತದೆ. ವೈಫೈ ಸೆಟ್ಟಿಂಗ್ ಜೊತೆ ಗುದ್ದಾಡಬೇಡಿ. ಜಗುಲಿಯಿಂದ ಉಪ್ಪರಿಗೆಗೆ ಒಂದು ಕ್ಯಾಟ್ 6 ಕೇಬಲ್ ಎಳೆಯಿರಿ. 100 ಮೀಟರ್ ತನಕ ಏನೂ ತೊಂದರೆ ಇಲ್ಲ. ನಿಮ್ಮ ಕಡೆ ಗುಡುಗು ಮಿಂಚು ಜಾಸ್ತಿ, ಆಗ ಎರಡೂ ತುದಿ ಕಿತ್ತಿಡಿ. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್ ಸುಟ್ಟುಕೊಂಡು ಇಲ್ಲಿಗೇ ಇನ್ನೊಂದು ಪ್ರಶ್ನೆ ತರುತ್ತೀರಿ.

ಕೇಬಲ್ ಹಾಕಿದ ಮೇಲೂ ಅರ್ಧ ನಿಮಿಷದ ನಿಲುಗಡೆ ಇದ್ದರೆ ಎರಡು ವಿಷಯ ನೋಡಬೇಕು. ರಿಮೋಟ್ ಸ್ಕ್ರೀನಿನ ಮೇಲ್ಭಾಗದಲ್ಲಿ ನೀಲಿ ಪಟ್ಟಿ ಬರುತ್ತದಲ್ಲ, ಅದರಲ್ಲಿ ಸಿಗ್ನಲ್ ಕಡ್ಡಿಗಳ ಗುರುತು ಇದೆ. ಅದರ ಮೇಲೆ ಒತ್ತಿ. ಕನೆಕ್ಷನ್ ಹೇಗಿದೆ, ಯುಡಿಪಿ (ತಲುಪಿತಾ ಅಂತ ಕಾಯದೆ ಪ್ಯಾಕೆಟ್ ಕಳಿಸುವ ವಿಧಾನ) ಆನ್ ಆಗಿದೆಯಾ ಅಂತ ಹೇಳುತ್ತದೆ. ಎರಡನೆಯದು, ಪ್ಯಾಕೆಟ್ ಅಳತೆ, ಅಂದರೆ ಎಷ್ಟು ದೊಡ್ಡ ಪ್ಯಾಕೆಟ್ ತುಂಡಾಗದೆ ಹೋಗುತ್ತದೆ ಅಂತ. ವಿಪಿಎನ್ ಇಲ್ಲದೆ 8.8.8.8ಕ್ಕೆ ಪಿಂಗ್ ಮಾಡಿ, ಮೈನಸ್ ಎಫ್ ಮೈನಸ್ ಎಲ್ 1472. ಅದಕ್ಕೆ 28 ಬೈಟ್ ತಲೆಬರಹ ಸೇರಿ 1500 ಆಗುತ್ತದೆ. ಲೈನು ಪಿಪಿಪಿಒಇ (ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಥರದ್ದು) ಆಗಿದ್ದರೆ 1492 ಮಾತ್ರ ಹಿಡಿಯುತ್ತದೆ, ಅಂದರೆ 1464 ಹಾಕಬೇಕು. ಆಮೇಲೆ ವಿಪಿಎನ್ ಒಳಗಿಂದ ಆಫೀಸಿಗೆ ಮಾಡಿ, ಎಷ್ಟಕ್ಕೆ ಇಳಿಸಿದರೆ ಉತ್ತರ ಬರುತ್ತದೆ ನೋಡಿ.

ಜಿಎಸ್‌ಟಿ ಗುಮಾಸ್ತ

ದಾವಣಗೆರೆಯಿಂದ. ಹಿನ್ನೀರು ಅವರೇ, ಆಗಾಗ ಕಡಿಯುತ್ತದೆ ಅಂದಿರಿ. ಆ ಪಿಸಿಗೆ ಆಫೀಸಿನಲ್ಲಿ ಬೇರೆ ಯಾರಾದರೂ ಕೂರುತ್ತಾರಾ? ವಿಂಡೋಸ್ ಪ್ರೊದಲ್ಲಿ ಒಂದು ಸಲಕ್ಕೆ ಒಬ್ಬರಿಗೇ ಜಾಗ. ನಮ್ಮ ಆಫೀಸಿನಲ್ಲಿ ನಾನು ಮನೆಯಿಂದ ಒಳಗೆ ಇರುವಾಗ ನಮ್ಮ ಸಾಹೇಬರು ಅದೇ ಪಿಸಿ ಮುಂದೆ ಕೂತು ಪಾಸ್‌ವರ್ಡ್ ಹಾಕುತ್ತಿದ್ದರು. ನಾನು ಹೊರಗೆ. ನಾನು ಮತ್ತೆ ಒಳಗೆ ಹೋದರೆ ಸಾಹೇಬರ ಸ್ಕ್ರೀನ್ ಲಾಕ್. ಅವರು ಅಲ್ಲಿಂದ ಬೈಯುವುದು, ನಾನು ಇಲ್ಲಿ ಇಂಟರ್ನೆಟ್‌ನವರಿಗೆ ಬೈಯುವುದು. ಬೇರೆ ಯೂಸರ್ ಕನೆಕ್ಟ್ ಆಗಿದ್ದರಿಂದ ಕಡಿಯಿತು ಅಂತ ಸ್ಕ್ರೀನ್ ಮೇಲೆ ಬರೆದೇ ಬರುತ್ತದೆ. ಓದದೆ ಓಕೆ ಒತ್ತುವ ಅಭ್ಯಾಸ ನಮಗೆ.

ಪಿಸಿ ನಿದ್ದೆಗೆ ಹೋಗದ ಹಾಗೆ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ನೆವರ್ ಮಾಡಿಸಿ. ಲ್ಯಾನ್ ಕಾರ್ಡ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಈ ಡಿವೈಸ್ ಆಫ್ ಮಾಡಬಹುದು ಎಂಬ ಟಿಕ್ ತೆಗೆಸಿ.

ಡಿಎಸ್‌ಸಿ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ, ನಾಳೆ ಅದೇ ತಲೆನೋವು ಬರುತ್ತದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಆಫೀಸಿನ ಪಿಸಿಗೆ ಚುಚ್ಚಿದ್ದರೆ ರಿಮೋಟ್ ಡೆಸ್ಕ್‌ಟಾಪ್ ಒಳಗಿಂದ ಅದು ಕಾಣುವುದೇ ಇಲ್ಲ. ಟೋಕನ್ ಕೆಟ್ಟಿಲ್ಲ. ರಿಮೋಟ್ ಸೆಶನ್ ಒಳಗೆ ವಿಂಡೋಸ್ ಸ್ಮಾರ್ಟ್ ಕಾರ್ಡ್ ಹುಡುಕುವುದು ನೀವು ಕೂತಿರುವ ಲ್ಯಾಪ್‌ಟಾಪಿನಲ್ಲಿ. ಟೋಕನ್ ನಿಮ್ಮ ಹತ್ತಿರವೇ ಇದ್ದರೆ ಲೋಕಲ್ ರಿಸೋರ್ಸಸ್ ಟ್ಯಾಬ್‌ನಲ್ಲಿ ಸ್ಮಾರ್ಟ್ ಕಾರ್ಡ್‌ಗೆ ಟಿಕ್ ಹಾಕಿ. ಆಫೀಸಿನಲ್ಲೇ ಇದ್ದರೆ ಸಹಿ ಹಾಕುವ ಹೊತ್ತಿಗೆ ಮಾತ್ರ ಎನಿಡೆಸ್ಕ್‌ನಲ್ಲಿ ಹೋಗಿ. ಅದು ಪಿಸಿ ಮುಂದೆ ಕೂತ ಹಾಗೆಯೇ ತೋರಿಸುವುದರಿಂದ ಟೋಕನ್ ಸಿಗುತ್ತದೆ.

ಸುಮ್ನೆ ಓದೋನು

ನೋಡಿದಿರಾ, ಕೊನೆಗೆ ಎನಿಡೆಸ್ಕ್‌ಗೇ ಬಂದಿರಿ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ ಮೈಸೂರಿನ ಅಪ್ಪನ ಪಿಸಿಗೆ ಹೋಗುತ್ತಿರುತ್ತೇನೆ. ಹಿನ್ನೀರು ಅವರ 25 ಮಿಲಿಸೆಕೆಂಡ್ ನೋಡಿ ಹೊಟ್ಟೆ ಉರಿಯಿತು. ನನಗೆ 200ಕ್ಕಿಂತ ಕಡಿಮೆ ಕಂಡದ್ದೇ ಇಲ್ಲ. ಯಾವ ಪ್ಲಾನ್ ಹಾಕಿಸಿಕೊಂಡರೆ ಕಡಿಮೆ ಆಗುತ್ತದೆ?

ಕೇಬಲ್ ಮೇಷ್ಟ್ರು

ಯಾವ ಪ್ಲಾನ್‌ನಿಂದಲೂ ಆಗುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ನಿಮ್ಮಿಂದ ಇಲ್ಲಿಗೆ ನೆಟ್ಟಗೆ ಅಳೆದರೂ 13,000 ಕಿಲೋಮೀಟರ್ ಮೇಲೆ. ಹೋಗಿ ಬರುವುದಕ್ಕೇ 130 ಮಿಲಿಸೆಕೆಂಡ್ ಬೇಕು. ಸಮುದ್ರದ ಕೇಬಲ್ ನೆಟ್ಟಗೆ ಬರುವುದಿಲ್ಲ, ಸುತ್ತಿಕೊಂಡು ಬರುತ್ತದೆ. ನಿಮ್ಮ ಕೈಯಲ್ಲಿರುವುದು ಹೊರೆ ಕಡಿಮೆ ಮಾಡುವುದು ಮಾತ್ರ. ಎಕ್ಸ್‌ಪೀರಿಯನ್ಸ್ ಟ್ಯಾಬ್‌ನಲ್ಲಿ ವಾಲ್‌ಪೇಪರ್, ಅನಿಮೇಶನ್ ತೆಗೆಯಿರಿ. ಬಿಟ್‌ಮ್ಯಾಪ್ ಕ್ಯಾಶಿಂಗ್ ಇರಲಿ. ಒಂದೇ ಮಾನಿಟರ್ ಸಾಕು, 4ಕೆ ಬೇಡ. ಉದ್ದದ ಬರಹವನ್ನು ನಿಮ್ಮ ಯಂತ್ರದಲ್ಲೇ ಟೈಪ್ ಮಾಡಿ ಅಲ್ಲಿ ಪೇಸ್ಟ್ ಮಾಡಿ. ಕಾಪಿ ಪೇಸ್ಟ್ ಕೈ ಕೊಟ್ಟರೆ ಅಪ್ಪನ ಪಿಸಿಯ ಟಾಸ್ಕ್ ಮ್ಯಾನೇಜರ್‌ನಲ್ಲಿ ಆರ್‌ಡಿಪಿಕ್ಲಿಪ್ ಅನ್ನೋದನ್ನು ನಿಲ್ಲಿಸಿ, ರನ್‌ನಿಂದ ಮತ್ತೆ ಶುರು ಮಾಡಿ.

ಹಿನ್ನೀರು

ಕೇಬಲ್ ಎಳೆಸಿದೆ. ರೂಟರ್ ಪಿಂಗ್ ಈಗ 1ಕ್ಕಿಂತ ಕಡಿಮೆ, ಒಂದೂ ಹಾರುತ್ತಿಲ್ಲ. ಟೈಪ್ ಮಾಡುವಾಗಿನ ಸಣ್ಣ ತಡವರಿಕೆ ಪೂರ್ತಿ ಹೋಯಿತು. ಪಿಸಿಗೆ ಬೇರೆ ಯಾರೂ ಕೂರುವುದಿಲ್ಲ ಅಂತ ಕೇಳಿ ಖಚಿತ ಮಾಡಿಕೊಂಡೆ.

ಆದರೆ ಅರ್ಧ ನಿಮಿಷದ ನಿಲುಗಡೆ ಹಾಗೇ ಇದೆ. ಯುಡಿಪಿ ಆನ್ ಅಂತ ತೋರಿಸುತ್ತದೆ. ಪ್ಯಾಕೆಟ್ ಅಳತೆ ವಿಪಿಎನ್ ಇಲ್ಲದೆ 1464ಕ್ಕೆ ಸರಿ ಬಂತು. ವಿಪಿಎನ್ ಒಳಗೆ 1372ರವರೆಗೆ ಉತ್ತರ ಬರುತ್ತದೆ, ಅದರ ಮೇಲೆ ಇಲ್ಲ. ಇದೇ ತೊಂದರೆಯಾ?

ಪೋರ್ಟ್ ಕಾವಲು

1372ಕ್ಕೆ 28 ಸೇರಿಸಿದರೆ 1400. ವಿಪಿಎನ್‌ಗೆ ಅದು ಮಾಮೂಲಿ ಅಳತೆ, ಅದರ ಮೇಲೆ ಅನುಮಾನ ಬೇಡ. ರಿಮೋಟ್ ಡೆಸ್ಕ್‌ಟಾಪಿನ ಯುಡಿಪಿ ಪ್ಯಾಕೆಟ್ ಅಷ್ಟು ದೊಡ್ಡದೂ ಅಲ್ಲ. ಮೈಕ್ರೋಸಾಫ್ಟ್‌ನ ಪ್ರೋಟೋಕಾಲ್ ದಾಖಲೆ ಪ್ರಕಾರ ಅದು 1132ರಿಂದ 1232 ಬೈಟ್ ಒಳಗೇ ಇರಬೇಕು. 1400ರ ದಾರಿಯಲ್ಲಿ ಆರಾಮಾಗಿ ಹೋಗುತ್ತದೆ.

ನನ್ನ ಅನುಮಾನ ಯುಡಿಪಿ ಮೇಲೇ. ರಿಮೋಟ್ ಡೆಸ್ಕ್‌ಟಾಪ್ ಮೊದಲು ಟಿಸಿಪಿಯಲ್ಲಿ (ಪ್ಯಾಕೆಟ್ ತಲುಪಿತಾ ಅಂತ ಖಚಿತ ಮಾಡಿಕೊಳ್ಳುವ ವಿಧಾನ) ಕನೆಕ್ಟ್ ಆಗುತ್ತದೆ. ವಿಂಡೋಸ್ 8ರ ಕಾಲದಿಂದ, ಸಾಧ್ಯವಾದರೆ ಪಕ್ಕದಲ್ಲಿ ಯುಡಿಪಿ ದಾರಿಯನ್ನೂ ತೆರೆದು ಸ್ಕ್ರೀನ್ ಚಿತ್ರವನ್ನು ಅದರಲ್ಲಿ ಕಳಿಸುತ್ತದೆ. ಲೈನು ಒಳ್ಳೆಯದಿದ್ದರೆ ಅದು ನಿಜಕ್ಕೂ ಒಳ್ಳೆಯದು. ಆದರೆ ಮಧ್ಯದಲ್ಲಿರುವ ವಿಪಿಎನ್ ಅಥವಾ ಫೈರ್‌ವಾಲ್ ಆ ಯುಡಿಪಿ ದಾರಿಯನ್ನು ಮರೆತುಬಿಟ್ಟರೆ, ಅಥವಾ ಪ್ಯಾಕೆಟ್ ಬೀಳಿಸಿದರೆ, ಚಿತ್ರ ನಿಲ್ಲುತ್ತದೆ. ಟಿಸಿಪಿ ಬದುಕಿರುವುದರಿಂದ ಕನೆಕ್ಷನ್ ಹೋಗಿದೆ ಅಂತ ಎರಡೂ ಕಡೆಗೆ ತಕ್ಷಣ ಗೊತ್ತಾಗುವುದಿಲ್ಲ. ಪಿಂಗ್ ಬೇರೆ ದಾರಿ, ಅದು ಸುಖವಾಗಿ ಹೋಗುತ್ತಿರುತ್ತದೆ. ನೀವು ಹೇಳಿದ ಲಕ್ಷಣಕ್ಕೆ ಇದು ಸರಿಯಾಗಿ ಕೂರುತ್ತದೆ.

ಯುಡಿಪಿ ಆಫ್ ಮಾಡಿ ನೋಡಿ. ಗ್ರೂಪ್ ಪಾಲಿಸಿ ಎಡಿಟರ್ ತೆರೆಯಿರಿ. ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್. ಅಲ್ಲಿ ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್ ಅಂತ ಇದೆ, ಎನೇಬಲ್ ಮಾಡಿ.

ಹಿನ್ನೀರು

ನನ್ನ ಲ್ಯಾಪ್‌ಟಾಪ್ ವಿಂಡೋಸ್ ಹೋಮ್. ಗ್ರೂಪ್ ಪಾಲಿಸಿ ಎಡಿಟರ್ ಇಲ್ಲವೇ ಇಲ್ಲ ಅನ್ನುತ್ತಿದೆ.

ಪೋರ್ಟ್ ಕಾವಲು

ಸರಿ, ಆಫೀಸಿನ ಪಿಸಿ ಪ್ರೊ ಇರಲೇಬೇಕು, ಹೋಮ್ ಆಗಿದ್ದರೆ ಅದಕ್ಕೆ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಹೋಗುವುದಕ್ಕೇ ಆಗುತ್ತಿರಲಿಲ್ಲ. ಅಲ್ಲಿ ಅದೇ ಜಾಗಕ್ಕೆ ಹೋಗಿ, ರಿಮೋಟ್ ಡೆಸ್ಕ್‌ಟಾಪ್ ಸೆಶನ್ ಹೋಸ್ಟ್, ಕನೆಕ್ಷನ್ಸ್. ಸೆಲೆಕ್ಟ್ ಆರ್‌ಡಿಪಿ ಟ್ರಾನ್ಸ್‌ಪೋರ್ಟ್ ಪ್ರೋಟೋಕಾಲ್ಸ್ ಎನೇಬಲ್ ಮಾಡಿ, ಯೂಸ್ ಓನ್ಲಿ ಟಿಸಿಪಿ ಆರಿಸಿ. ಪಿಸಿ ಒಮ್ಮೆ ರೀಸ್ಟಾರ್ಟ್ ಮಾಡಿಸಿ. ಆಫೀಸಿನಲ್ಲಿ ಜನ ಇರುವಾಗಲೇ ಮಾಡಿ, ಪಿಸಿ ಮೇಲೆ ಬರದಿದ್ದರೆ ಬಟನ್ ಒತ್ತಲು ಯಾರಾದರೂ ಬೇಕಲ್ಲ.

ಕೇಬಲ್ ಮೇಷ್ಟ್ರು

ಸಂಜೆಯ ತೊಂದರೆಗೂ ಬರುತ್ತೇನೆ. ನಿಮ್ಮ ಲೈನು ಸರಿ ಇದ್ದು ಆಫೀಸಿನ ಪಿಂಗ್ ಮಾತ್ರ 400 ಆಗುತ್ತಿದೆ ಅಂದರೆ ಅಲ್ಲಿನ ಅಪ್‌ಲೋಡ್ ತುಂಬಿಹೋಗಿದೆ. ನಿಮಗೆ ಸ್ಕ್ರೀನ್ ಬರುವುದು ಆಫೀಸಿನ ಅಪ್‌ಲೋಡ್‌ನಿಂದ ಅನ್ನುವುದನ್ನು ಜನ ಮರೆಯುತ್ತಾರೆ. ಸಂಜೆ ಅಲ್ಲಿ ಏನೋ ದೊಡ್ಡದು ಮೇಲೆ ಹೋಗುತ್ತಿದೆ. ಬ್ಯಾಕಪ್ ಇರಬಹುದು, ಸಿಸಿಟಿವಿ ಇರಬಹುದು. ಹತ್ತು ಚೀಲ ಭತ್ತ ತಂದವನ ಹಿಂದೆ ಒಂದು ಸೇರು ಹಿಟ್ಟು ಬೀಸಿಸಲು ನಿಂತ ಹಾಗೆ, ನಿಮ್ಮ ಸಣ್ಣ ಪ್ಯಾಕೆಟ್ ರೂಟರ್‌ನಲ್ಲಿ ಸಾಲು ಕಾಯುತ್ತಿದೆ. ಸಂಜೆ ಏನು ಓಡುತ್ತದೆ ಅಂತ ಕೇಳಿ.

ಹಿನ್ನೀರು

ಕೇಳಿದೆ. ಆರು ಗಂಟೆಗೆ ಎಲ್ಲ ಪಿಸಿಗಳ ಟ್ಯಾಲಿ ಡೇಟಾ ಮತ್ತು ಸ್ಕ್ಯಾನ್ ಮಾಡಿದ ಬಿಲ್‌ಗಳು ಕ್ಲೌಡ್‌ಗೆ ಬ್ಯಾಕಪ್ ಆಗುತ್ತವಂತೆ. ಅದನ್ನು ರಾತ್ರಿ ಹನ್ನೊಂದಕ್ಕೆ ಹಾಕಿ ಅಂದೆ. ಮೊದಲು ಒಪ್ಪಲಿಲ್ಲ. ಪಿಂಗ್ ಕಿಟಕಿಯ ಫೋಟೋ ಕಳಿಸಿದ ಮೇಲೆ ಒಪ್ಪಿದರು.

ಟಿಸಿಪಿ ಮಾತ್ರ ಮಾಡಿಸಿದ ಮೇಲೆ ಅರ್ಧ ನಿಮಿಷದ ನಿಲುಗಡೆ ಮತ್ತೆ ಬಂದಿಲ್ಲ. ಸಂಜೆಯ ಪಿಂಗ್ ಈಗ 30ರ ಸುತ್ತ ಇದೆ. 3ಬಿ ಹೋಯಿತು.

ಪೋರ್ಟ್ ಕಾವಲು

ಒಳ್ಳೆಯದಾಯಿತು. ರಾತ್ರಿಯಲ್ಲೂ ಯಾರಾದರೂ ಕೆಲಸ ಮಾಡುವವರಿದ್ದರೆ ಬ್ಯಾಕಪ್ ಆ್ಯಪ್‌ನಲ್ಲೇ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿಸಿ. ರೂಟರ್‌ನಲ್ಲಿ ಎಸ್‌ಕ್ಯೂಎಂ (ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಸೌಲಭ್ಯ) ಇದ್ದರೆ ಇನ್ನೂ ಚೆನ್ನ, ಸಣ್ಣ ಪ್ಯಾಕೆಟ್‌ಗಳು ಸಾಲಲ್ಲಿ ಕಾಯುವುದಿಲ್ಲ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಸಾಫ್ಟ್‌ವೇರ್ ಹಾಕಿದ ರೂಟರ್‌ಗಳಲ್ಲಿ ಸಿಗುತ್ತದೆ.

ರಾಗಿಮುದ್ದೆ 5ಜಿ

ಟೇಲ್‌ಸ್ಕೇಲ್ ಹಾಕಿದೆ. ಅಂಗಡಿಗೆ ಡೈರೆಕ್ಟ್ ಅಂತ ಬರುತ್ತಿದೆ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಹೋದರೆ ಒಮ್ಮೊಮ್ಮೆ ರಿಲೇ ಆಗುತ್ತದೆ, ಆದರೂ ಬಿಲ್ ನೋಡುವುದಕ್ಕೆ ಸಾಕು. ಕರೆಂಟ್ ಹೋದಾಗ ಮಾತ್ರ ಅಂಗಡಿಯ ರೂಟರ್ ಆಫ್ ಆಗಿ ಎರಡು ಮೂರು ನಿಮಿಷ ಕಾಯಬೇಕು. ಪಿಸಿಗೆ ಯುಪಿಎಸ್ ಇದೆ, ರೂಟರ್‌ಗೆ ಇಲ್ಲ.

ಕೇಬಲ್ ಮೇಷ್ಟ್ರು

ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಬರುತ್ತದೆ. ಅಡಾಪ್ಟರ್ ಮೇಲೆ ಬರೆದಿರುವ ಆಂಪಿಯರ್ ನೋಡಿಕೊಂಡು ತನ್ನಿ. ಫೈಬರ್ ಡಬ್ಬ ಬೇರೆ ಇದ್ದರೆ ಅದಕ್ಕೂ ಬೇಕು.

ಹಿನ್ನೀರು

ಕೊನೆಯದಾಗಿ ಒಂದು. ಆಫೀಸಿನ ಟ್ಯಾಲಿಯಿಂದ ಬಿಲ್ ಅನ್ನು ನನ್ನ ಮನೆಯ ಪ್ರಿಂಟರ್‌ಗೆ ಕೊಟ್ಟರೆ ತುಂಬಾ ಹೊತ್ತು ಹಿಡಿಯುತ್ತದೆ. ಕನೆಕ್ಟ್ ಆಗುವಾಗಲೂ ಪ್ರಿಂಟರ್ ಸೇರಿಸುತ್ತಾ ಕೂರುತ್ತದೆ. ಇದಕ್ಕೂ ಏನಾದರೂ ಇದೆಯಾ?

ಜಿಎಸ್‌ಟಿ ಗುಮಾಸ್ತ

ಲೋಕಲ್ ರಿಸೋರ್ಸಸ್‌ನಲ್ಲಿ ಪ್ರಿಂಟರ್ ಟಿಕ್ ತೆಗೆದುಬಿಡಿ, ಲಾಗಿನ್ ಬೇಗ ಆಗುತ್ತದೆ. ಡ್ರೈವ್‌ಗಳ ಟಿಕ್ ಇದ್ದರೆ ಅದನ್ನೂ ತೆಗೆಯಿರಿ. ಬಿಲ್ ಅನ್ನು ಅಲ್ಲೇ ಪಿಡಿಎಫ್ ಮಾಡಿ, ಕಾಪಿ ಮಾಡಿ ನಿಮ್ಮ ಡೆಸ್ಕ್‌ಟಾಪಿನಲ್ಲಿ ಪೇಸ್ಟ್ ಮಾಡಿ, ಇಲ್ಲಿಂದ ಪ್ರಿಂಟ್ ಕೊಡಿ. ಕ್ಲಿಪ್‌ಬೋರ್ಡ್ ಟಿಕ್ ಮಾತ್ರ ತೆಗೆಯಬೇಡಿ, ಇಲ್ಲದಿದ್ದರೆ ಪೇಸ್ಟ್ ಆಗುವುದಿಲ್ಲ.